ಸ್ಕ್ರಾಲ್ ಆಗುವ ಪುಟದೊಳಗೆ ಲಾಟ್‌ಗಳ ಪಟ್ಟಿ: ಮೌಯಿಯಲ್ಲಿ ಸ್ವಂತ ರಿಪೀಟರ್ ಕಂಟ್ರೋಲ್ ಕಟ್ಟುವುದು ಹೇಗೆ?

ಪ್ರಶ್ನೆ: ಮಂಡಿಪೇಟೆ_ಡೆವ್, ದಾವಣಗೆರೆ

ದಾವಣಗೆರೆ ಎಪಿಎಂಸಿ ಯಾರ್ಡಿನ ಅಂಗಡಿಗಳಲ್ಲಿ ಮೆಕ್ಕೆಜೋಳದ ಆವಕ ಬರೆದಿಡಲು ಒಂದು ಆ್ಯಪ್ ಮಾಡುತ್ತಿದ್ದೇನೆ. ಡಾಟ್ ನೆಟ್ 9, ಮೌಯಿ (ಮೈಕ್ರೋಸಾಫ್ಟ್‌ನ ಆ್ಯಪ್ ಕಟ್ಟುವ ಚೌಕಟ್ಟು). ಆಂಡ್ರಾಯ್ಡ್ ಮತ್ತು ಐಒಎಸ್‌ಗೆ ಒಂದೇ ಕೋಡ್.

ಪುಟದ ರಚನೆ ಹೀಗಿದೆ. ಮೇಲೆ ರೈತರ ಹೆಸರು, ಊರು, ಗಾಡಿ ನಂಬರು. ನಡುವೆ ಲಾಟ್‌ಗಳ (ಒಂದೇ ಮಾಲಿನ ಚೀಲಗಳ ಗುಂಪು) ಪಟ್ಟಿ: ಪ್ರತಿ ಸಾಲಿನಲ್ಲಿ ಕ್ರಮಸಂಖ್ಯೆ, ಮಾಲಿನ ಹೆಸರು, ಚೀಲ ಬರೆಯಲು ಒಂದು ಎಂಟ್ರಿ, ಕ್ವಿಂಟಲ್ ಬರೆಯಲು ಇನ್ನೊಂದು, ಅಳಿಸುವ ಗುಂಡಿ. ಕೆಳಗೆ ಒಟ್ಟು ಚೀಲ, ಒಟ್ಟು ತೂಕ. ಒಬ್ಬ ರೈತರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡರಿಂದ ಹತ್ತು ಲಾಟ್, ಅಪರೂಪಕ್ಕೆ ನಲವತ್ತು.

ಈಗ ಎಲ್ಲವನ್ನೂ ಒಂದು ಸ್ಕ್ರಾಲ್‌ವ್ಯೂ ಒಳಗಿಟ್ಟು, ಪಟ್ಟಿಗೆ ಲಿಸ್ಟ್‌ವ್ಯೂ ಬಳಸಿದ್ದೇನೆ. ತೊಂದರೆಗಳು:

ಪಟ್ಟಿಯ ಮೇಲೆ ಬೆರಳಿಟ್ಟು ಎಳೆದರೆ ಪುಟ ಜರುಗುವುದಿಲ್ಲ. ಪಟ್ಟಿಯ ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಪ್ರತಿ 15 ಸೆಕೆಂಡಿಗೆ ಸರ್ವರಿನಿಂದ ಹೊಸ ಮಾಹಿತಿ ಬಂದಾಗ ಬರೆಯುತ್ತಿದ್ದ ಎಂಟ್ರಿಯ ಫೋಕಸ್ ಹೋಗಿ ಕೀಬೋರ್ಡ್ ಮುಚ್ಚಿಕೊಳ್ಳುತ್ತದೆ. ಒಂದು ಸಾಲು ಅಳಿಸಿದರೆ ಉಳಿದವುಗಳ ಕ್ರಮಸಂಖ್ಯೆ ಹಳೆಯದೇ ಇರುತ್ತದೆ.

ಐಟಮ್ಸ್‌ಸೋರ್ಸ್ (ಮಾಹಿತಿಯ ಪಟ್ಟಿ), ಐಟಮ್‌ಟೆಂಪ್ಲೇಟ್ (ಒಂದು ಸಾಲಿನ ಅಚ್ಚು) ಎರಡೂ ಇರುವ, ತಾನಾಗಿ ಸ್ಕ್ರಾಲ್ ಆಗದ, ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸುವ ಸ್ವಂತ ಕಂಟ್ರೋಲ್, ಅಂದರೆ ರಿಪೀಟರ್, ಬರೆಯಬೇಕೆಂದಿದ್ದೇನೆ. ಸಾಲುಗಳ ನಡುವೆ ಗೆರೆಯೂ ಬೇಕು. ಎಲ್ಲಿಂದ ಶುರು ಮಾಡಲಿ? ಅಳಿಸುವ ಗುಂಡಿಯ ಕಮಾಂಡ್ ಪುಟದ ವ್ಯೂಮಾಡೆಲ್‌ಗೆ (ಪುಟದ ಮಾಹಿತಿ, ಕೆಲಸ ನೋಡಿಕೊಳ್ಳುವ ಕ್ಲಾಸ್) ತಲುಪುವುದು ಹೇಗೆ?

---

ಉತ್ತರ 1: ಕೋಟೆಬಾಗಿಲು, ಚಿತ್ರದುರ್ಗ

ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಿ. ಬೆರಳಿನ ಎಳೆತ ಮತ್ತು ಖಾಲಿ ಜಾಗ ಲಿಸ್ಟ್‌ವ್ಯೂನಿಂದ ಬಂದ ತೊಂದರೆ. ಕೀಬೋರ್ಡ್ ಮುಚ್ಚುವುದು ಕಂಟ್ರೋಲಿನ ತಪ್ಪಲ್ಲ, ವ್ಯೂಮಾಡೆಲ್‌ನದು. ಸರ್ವರಿನಿಂದ ಮಾಹಿತಿ ಬಂದಾಗಲೆಲ್ಲ ನೀವು ಹೊಸ ಅಬ್ಸರ್ವಬಲ್‌ಕಲೆಕ್ಷನ್ (ಬದಲಾದಾಗ ಸುದ್ದಿ ಕಳಿಸುವ ಪಟ್ಟಿ) ಕೊಡುತ್ತಿರಬೇಕು, ಇಲ್ಲವೇ ಕ್ಲಿಯರ್ ಮಾಡಿ ಮತ್ತೆ ತುಂಬುತ್ತಿರಬೇಕು. ಎರಡರಲ್ಲೂ ಪರದೆಯ ಮೇಲಿರುವ ಸಾಲುಗಳೆಲ್ಲ ಸತ್ತು ಹೊಸದಾಗಿ ಹುಟ್ಟುತ್ತವೆ. ಫೋಕಸ್ ಇದ್ದ ಎಂಟ್ರಿಯೇ ಇಲ್ಲವಾದ ಮೇಲೆ ಕೀಬೋರ್ಡ್ ನಿಲ್ಲುವುದಾದರೂ ಎಲ್ಲಿ? ಎಷ್ಟು ಚೆನ್ನಾದ ಕಂಟ್ರೋಲ್ ಬರೆದರೂ ಇದನ್ನು ಸರಿಪಡಿಸದಿದ್ದರೆ ತೊಂದರೆ ಹಾಗೇ ಉಳಿಯುತ್ತದೆ.

ಸರಿಪಡಿಸುವ ಬಗೆ: ಸರ್ವರಿನಿಂದ ಬಂದ ಪಟ್ಟಿಯನ್ನು ಕೈಯಲ್ಲಿರುವ ಪಟ್ಟಿಯೊಂದಿಗೆ ಲಾಟ್ ಐಡಿ ಹಿಡಿದು ಹೋಲಿಸಿ. ಎರಡರಲ್ಲೂ ಇರುವುದಕ್ಕೆ ಗುಣಗಳನ್ನಷ್ಟೇ ಬದಲಿಸಿ, ವಸ್ತುವನ್ನು ಬದಲಿಸಬೇಡಿ. ಸರ್ವರಿನಲ್ಲಿ ಇಲ್ಲದ್ದನ್ನು ರಿಮೂವ್ ಮಾಡಿ, ಹೊಸದನ್ನು ಅದರ ಜಾಗದಲ್ಲೇ ಇನ್ಸರ್ಟ್ ಮಾಡಿ. ಇದಕ್ಕೆ ಪ್ರತಿ ಲಾಟ್ ಐನೋಟಿಫೈಪ್ರಾಪರ್ಟಿಚೇಂಜ್ಡ್ ಪಾಲಿಸುವ, ಅಂದರೆ ತನ್ನ ಗುಣ ಬದಲಾದಾಗ ತಿಳಿಸುವ, ವಸ್ತುವಾಗಿರಬೇಕು. ಬಳಕೆದಾರ ಬರೆಯುತ್ತಿರುವ ಅಂಕಣವನ್ನು ಆ ಹೊತ್ತಿನಲ್ಲಿ ಸರ್ವರಿನ ಮೌಲ್ಯದಿಂದ ತುಳಿಯಬೇಡಿ. ಸಾಲಿನಲ್ಲಿ "ತಿದ್ದುತ್ತಿದೆ" ಎಂಬ ಒಂದು ಗುರುತಿದ್ದರೆ ಸಾಕು.

ಇನ್ನು ಕಂಟ್ರೋಲ್. ಸ್ವಂತದ್ದು ಬರೆಯುವ ಮುನ್ನ ಬೈಂಡಬಲ್‌ಲೇಔಟ್ ನೋಡಿ. ಮೌಯಿಯ ಹಿಂದಿನ ಚೌಕಟ್ಟಾದ ಝಾಮರಿನ್ ಫಾರ್ಮ್ಸ್‌ನ 3.5ರಿಂದ ಇದೆ, ಮೌಯಿಯಲ್ಲೂ ಇದೆ. ವರ್ಟಿಕಲ್‌ಸ್ಟ್ಯಾಕ್‌ಲೇಔಟ್ ಮೇಲೆ ಬೈಂಡಬಲ್‌ಲೇಔಟ್‌ನ ಐಟಮ್ಸ್‌ಸೋರ್ಸ್, ಐಟಮ್‌ಟೆಂಪ್ಲೇಟ್ ಕೊಟ್ಟರೆ ಸಾಲುಗಳು ಜೋಡಣೆಯಾಗುತ್ತವೆ. ಸೇರಿಸಿದರೆ, ತೆಗೆದರೆ ಆ ಸಾಲು ಮಾತ್ರ ಬದಲಾಗುತ್ತದೆ, ಪಟ್ಟಿ ಖಾಲಿ ಇದ್ದಾಗ ತೋರಿಸಲು ಎಂಪ್ಟಿವ್ಯೂ ಕೂಡ ಸಿಗುತ್ತದೆ. ಅದರಲ್ಲಿಲ್ಲದ್ದು: ಸಾಲುಗಳ ನಡುವಿನ ಗೆರೆ, ತಲೆಸಾಲು, ಕ್ರಮಸಂಖ್ಯೆ, ದೊಡ್ಡ ಪಟ್ಟಿಯನ್ನು ಕಂತಿನಲ್ಲಿ ತುಂಬುವುದು. ನಿಮಗೆ ಗೆರೆ ಮತ್ತು ಸಂಖ್ಯೆ ಎರಡೂ ಬೇಕಿರುವುದರಿಂದ ಸ್ವಂತದ್ದು ಬರೆಯುವುದಕ್ಕೆ ಅರ್ಥವಿದೆ. ಸುಮಾರು 120 ಸಾಲಿನ ಕೋಡ್, ಅಷ್ಟೇ.

ಬರೆಯುವ ಕ್ರಮ:

ವರ್ಟಿಕಲ್‌ಸ್ಟ್ಯಾಕ್‌ಲೇಔಟ್‌ನಿಂದ ಹುಟ್ಟಿದ ಒಂದು ಕ್ಲಾಸ್ ಮಾಡಿ, "ಸಾಲುಪಟ್ಟಿ" ಎನ್ನೋಣ. ಅದರೊಳಗೆ ಎರಡು ಬೈಂಡಬಲ್‌ಪ್ರಾಪರ್ಟಿ: ಐಟಮ್ಸ್‌ಸೋರ್ಸ್, ಇದರ ಟೈಪ್ ಐಎನ್ಯೂಮರಬಲ್ ಆಗಿರಲಿ, ಜೆನೆರಿಕ್ ಬೇಡ; ಐಟಮ್‌ಟೆಂಪ್ಲೇಟ್, ಟೈಪ್ ಡೇಟಾಟೆಂಪ್ಲೇಟ್. ಕ್ರಿಯೇಟ್ ಕರೆಯುವಾಗ ಮೊದಲ ಮೂರು ಮಾಹಿತಿ ಹೆಸರು, ಮೌಲ್ಯದ ಟೈಪ್, ಮಾಲೀಕ ಕ್ಲಾಸಿನ ಟೈಪ್. ಬೇರೊಂದು ಕಂಟ್ರೋಲಿನಿಂದ ನಕಲಿಸಿ ಮೂರನೆಯದನ್ನು ಬದಲಿಸದೆ ಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಮೊದಲ ಮೌಲ್ಯವಾಗಿ ಹೊಸ ಲಿಸ್ಟ್ ವಸ್ತು ಕೊಡಬೇಡಿ, ನಲ್ ಇರಲಿ. ಡೀಫಾಲ್ಟ್‌ವ್ಯಾಲ್ಯೂ ಎಲ್ಲ ಪ್ರತಿಗಳಿಗೂ ಒಂದೇ ವಸ್ತು, ಹಾಗಾಗಿ ಒಂದು ಪುಟದ ಪಟ್ಟಿ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ.

ಎರಡಕ್ಕೂ ಪ್ರಾಪರ್ಟಿಚೇಂಜ್ಡ್ ಕಾಲ್‌ಬ್ಯಾಕ್ ಕೊಡಿ. ಝಾಮಲ್‌ನಲ್ಲಿ (ಪುಟದ ವಿನ್ಯಾಸ ಬರೆಯುವ ಕಡತ) ಯಾವುದನ್ನು ಮೊದಲು ಬರೆದಿರುತ್ತಾರೋ ಅದು ಮೊದಲು ಬರುತ್ತದೆ. ಆದ್ದರಿಂದ ಎರಡೂ ಕಾಲ್‌ಬ್ಯಾಕ್‌ಗಳು "ಪೂರ್ತಿಕಟ್ಟು" ಎಂಬ ಒಂದೇ ಮೆಥಡ್ ಕರೆಯಲಿ. ಆ ಮೆಥಡ್ ಎರಡರಲ್ಲಿ ಒಂದು ನಲ್ ಇದ್ದರೂ ಚಿಲ್ಡ್ರನ್ ಖಾಲಿ ಮಾಡಿ ಸುಮ್ಮನೆ ಹಿಂತಿರುಗಲಿ.

ಒಂದು ಸಾಲು ಕಟ್ಟುವ ಮೆಥಡ್‌ನಲ್ಲಿ ಮೂರು ಎಚ್ಚರ. ಟೆಂಪ್ಲೇಟ್ ನಿಜಕ್ಕೂ ಡೇಟಾಟೆಂಪ್ಲೇಟ್‌ಸೆಲೆಕ್ಟರ್ (ಲಾಟಿಗೆ ತಕ್ಕ ಟೆಂಪ್ಲೇಟ್ ಆರಿಸುವ ಕ್ಲಾಸ್) ಆಗಿದ್ದರೆ ಮೊದಲು ಸೆಲೆಕ್ಟ್‌ಟೆಂಪ್ಲೇಟ್ ಕರೆದು, ಸಿಕ್ಕ ಟೆಂಪ್ಲೇಟ್ ಮೇಲೆ ಕ್ರಿಯೇಟ್‌ಕಂಟೆಂಟ್ ಕರೆಯಬೇಕು. ಹಿಂತಿರುಗಿದ ವಸ್ತು ವ್ಯೂ ಅಲ್ಲದೆ ವ್ಯೂಸೆಲ್ ಆಗಿರಬಹುದು, ಹಳೆಯ ಲಿಸ್ಟ್‌ವ್ಯೂ ಟೆಂಪ್ಲೇಟನ್ನೇ ತಂದು ಅಂಟಿಸಿದಾಗ ಹೀಗಾಗುತ್ತದೆ; ಆಗ ಅದರೊಳಗಿನ ವ್ಯೂ ತೆಗೆದುಕೊಳ್ಳಿ. ಮೂರನೆಯದೇ ಮುಖ್ಯ: ಸಾಲಿನ ಬೈಂಡಿಂಗ್‌ಕಾಂಟೆಕ್ಸ್ಟ್ (ಅದು ತೋರಿಸಬೇಕಾದ ಲಾಟ್) ಇಟ್ಟ ಮೇಲೆಯೇ ಚಿಲ್ಡ್ರನ್‌ಗೆ ಸೇರಿಸಿ. ತಿರುವುಮುರುವಾದರೆ ಸಾಲು ಒಂದು ಕ್ಷಣ ಪುಟದ ವ್ಯೂಮಾಡೆಲ್ಲನ್ನೇ ತನ್ನದೆಂದು ತಿಳಿಯುತ್ತದೆ. ಔಟ್‌ಪುಟ್ ಕಿಟಕಿಯಲ್ಲಿ "ಆ ಹೆಸರಿನ ಪ್ರಾಪರ್ಟಿ ಸಿಗಲಿಲ್ಲ" ಎಂಬ ಎಚ್ಚರಿಕೆಗಳ ಸಾಲು ಬರುತ್ತದೆ, ಬೈಂಡಿಂಗ್ ಎರಡೆರಡು ಬಾರಿ ನಡೆಯುತ್ತದೆ.

ಗೆರೆಯ ವಿಷಯ. ಚಿಲ್ಡ್ರನ್ ಒಳಗೆ ಸಾಲು, ಗೆರೆ, ಸಾಲು, ಗೆರೆ ಎಂದು ತುಂಬಿದರೆ ಎರಡನೆಯ ಲಾಟ್ ಮೂರನೆಯ ಜಾಗದಲ್ಲಿರುತ್ತದೆ. ಅಳಿಸುವಾಗ, ಸರಿಸುವಾಗ ಲೆಕ್ಕ ತಪ್ಪುವುದು ಖಚಿತ. ಬದಲಿಗೆ ಪ್ರತಿ ಸಾಲನ್ನೂ ಎರಡು ರೋ ಇರುವ ಗ್ರಿಡ್‌ನಲ್ಲಿ ಸುತ್ತಿ: ಮೇಲಿನ ರೋ ಆಟೋ, ಕೆಳಗಿನ ರೋ 1. ಕೆಳಗಿನದರಲ್ಲಿ ಬಾಕ್ಸ್‌ವ್ಯೂ. ಆಗ ಪಟ್ಟಿಯ ಎಷ್ಟನೆಯ ಲಾಟೋ ಚಿಲ್ಡ್ರನ್‌ನಲ್ಲೂ ಅಷ್ಟನೆಯದೇ.

---

ಉತ್ತರ 2: ತುಂಗಭದ್ರಾ_ದಡ, ಹರಿಹರ

ಮೇಲಿನದಕ್ಕೆ ಸೇರ್ಪಡೆ: ಕಲೆಕ್ಷನ್‌ಚೇಂಜ್ಡ್ (ಪಟ್ಟಿ ಬದಲಾಯಿತೆಂದು ತಿಳಿಸುವ ಈವೆಂಟ್) ಸಂಭಾಳಿಸುವುದರಲ್ಲೇ ಇಂಥ ಕಂಟ್ರೋಲ್‌ಗಳು ಹೆಚ್ಚಾಗಿ ಎಡವುವುದು. ಐದು ಬಗೆಯ ಸುದ್ದಿ ಬರುತ್ತದೆ.

ಆ್ಯಡ್: ನ್ಯೂಸ್ಟಾರ್ಟಿಂಗ್‌ಇಂಡೆಕ್ಸ್‌ನಿಂದ ಶುರುಮಾಡಿ ನ್ಯೂಐಟಮ್ಸ್ ಒಂದೊಂದನ್ನೂ ಅದರದರ ಜಾಗದಲ್ಲಿ ಇನ್ಸರ್ಟ್ ಮಾಡಿ. ಸೀದಾ ಕೊನೆಗೆ ಆ್ಯಡ್ ಮಾಡುವ ಕೋಡ್ ಮೊದಮೊದಲು ಸರಿಯಾಗಿಯೇ ಕಾಣುತ್ತದೆ, ಯಾರಾದರೂ ಮೊದಲ ಸ್ಥಾನಕ್ಕೆ ಲಾಟ್ ಸೇರಿಸಿದ ದಿನ ಪರದೆಯೂ ಪಟ್ಟಿಯೂ ಬೇರೆಬೇರೆ ಆಗುತ್ತವೆ. ಸ್ವಂತ ಕಲೆಕ್ಷನ್ ಕ್ಲಾಸ್ ಬಳಸುವವರು ಇಂಡೆಕ್ಸ್ -1 ಕಳಿಸಿದರೆ ಪೂರ್ತಿ ಮರುಕಟ್ಟುವುದೇ ಸುರಕ್ಷಿತ.

ರಿಮೂವ್: ಮೂರು ಸಾಲು ಒಟ್ಟಿಗೆ ಹೋದರೆ ಓಲ್ಡ್‌ಸ್ಟಾರ್ಟಿಂಗ್‌ಇಂಡೆಕ್ಸ್ ಎಂಬ ಒಂದೇ ಜಾಗದಲ್ಲಿ ಮೂರು ಸಲ ರಿಮೂವ್‌ಅಟ್ ಕರೆಯಬೇಕು. ಲೂಪಿನ ಎಣಿಕೆಯನ್ನು ಇಂಡೆಕ್ಸಿಗೆ ಕೂಡಿಸಿದರೆ ಒಂದು ಬಿಟ್ಟು ಒಂದು ಅಳಿಯುತ್ತದೆ.

ರಿಪ್ಲೇಸ್: ಹಳೆಯ ವ್ಯೂ ತೆಗೆಯಬೇಕಾಗಿಲ್ಲ. ಸೆಲೆಕ್ಟರ್ ಇಲ್ಲದಿದ್ದರೆ ಅದೇ ವ್ಯೂನ ಬೈಂಡಿಂಗ್‌ಕಾಂಟೆಕ್ಸ್ಟ್ ಬದಲಿಸಿದರೆ ಸಾಕು, ಫೋಕಸ್ ಉಳಿಯುತ್ತದೆ. ಸೆಲೆಕ್ಟರ್ ಇದ್ದರೆ ಹೊಸ ವಸ್ತುವಿಗೂ ಅದೇ ಟೆಂಪ್ಲೇಟ್ ಬರುತ್ತದೆಯೇ ಎಂದು ಕೇಳಿ ನಂತರ ತೀರ್ಮಾನಿಸಿ.

ಮೂವ್: ವ್ಯೂ ಹಿಡಿದುಕೊಂಡು, ತೆಗೆದು, ಹೊಸ ಜಾಗಕ್ಕೆ ಇನ್ಸರ್ಟ್. ಹೊಸದಾಗಿ ಕಟ್ಟಬೇಡಿ.

ರಿಸೆಟ್: ಕ್ಲಿಯರ್ ಕರೆದರೆ ಬರುವುದು ಇದೇ. ಇದರಲ್ಲಿ ಓಲ್ಡ್‌ಐಟಮ್ಸ್ ನಲ್ ಆಗಿರುತ್ತದೆ ಎಂಬುದನ್ನು ಮರೆಯಬೇಡಿ. ಒಟ್ಟು ತೂಕಕ್ಕಾಗಿ ಪ್ರತಿ ಲಾಟಿನ ಪ್ರಾಪರ್ಟಿಚೇಂಜ್ಡ್‌ಗೆ ಚಂದಾ ಕಟ್ಟಿದ್ದರೆ, ಯಾರಿಗೆಲ್ಲ ಕಟ್ಟಿದ್ದೀರಿ ಎಂಬ ಪಟ್ಟಿ ನಿಮ್ಮ ಹತ್ತಿರವೇ ಇರಬೇಕು; ಇಲ್ಲದಿದ್ದರೆ ಅಳಿದ ಲಾಟ್‌ಗಳ ಚಂದಾ ಬಿಡಿಸಲು ದಾರಿಯೇ ಇಲ್ಲ. 40 ಲಾಟ್‌ಗಳಿರುವಾಗ ಕ್ಲಿಯರ್ ಮಾಡಿ ಒಂದೊಂದಾಗಿ ತುಂಬಿದರೆ 41 ಸುದ್ದಿ ಬರುತ್ತದೆ ಎಂಬುದನ್ನೂ ಗಮನಿಸಿ. ಕೋಟೆಬಾಗಿಲು ಅವರು ಹೇಳಿದ ಹೋಲಿಕೆಯ ದಾರಿ ಹಿಡಿದರೆ, ಏನೂ ಬದಲಾಗದ ಸುತ್ತಿನಲ್ಲಿ ಒಂದೂ ಬರುವುದಿಲ್ಲ.

ಕ್ರಮಸಂಖ್ಯೆಗೆ ಕನ್ವರ್ಟರ್ ಬರೆದು ಅದರೊಳಗೆ ಇಂಡೆಕ್ಸ್‌ಆಫ್ ಹುಡುಕುವವರು ಬಹಳ. ಅದು ಕೆಲಸ ಮಾಡದಿರಲು ಕಾರಣ ಸರಳ: ಎರಡನೆಯ ಲಾಟ್ ಅಳಿಸಿದಾಗ ಮೂರನೆಯ ಲಾಟಿನ ಯಾವ ಪ್ರಾಪರ್ಟಿಯೂ ಬದಲಾಗಿಲ್ಲ, ಹಾಗಾಗಿ ಬೈಂಡಿಂಗ್ ಮತ್ತೆ ಓಡುವುದಿಲ್ಲ. ಲಾಟ್ ಕ್ಲಾಸಿನಲ್ಲೇ "ಕ್ರಮ" ಎಂಬ ಪ್ರಾಪರ್ಟಿ ಇಡಿ. ಪಟ್ಟಿ ಬದಲಾದಾಗ ಬದಲಾದ ಜಾಗದಿಂದ ಕೊನೆಯವರೆಗೆ ಮರುಸಂಖ್ಯೆ ಕೊಡಿ. ಇದು ವ್ಯೂಮಾಡೆಲ್‌ನ ಕೆಲಸ, ಕಂಟ್ರೋಲಿನೊಳಗೆ ತುರುಕಬೇಡಿ.

ಅಳಿಸುವ ಕಮಾಂಡ್‌ಗೆ ಎರಡು ದಾರಿ. ರಿಲೇಟಿವ್‌ಸೋರ್ಸ್ ಬಳಸಿ ಆನ್ಸೆಸ್ಟರ್‌ಟೈಪ್ ಎಂದು ಪುಟದ ವ್ಯೂಮಾಡೆಲ್ ಕ್ಲಾಸಿನ ಹೆಸರು ಕೊಟ್ಟು, ಕಮಾಂಡ್‌ಪ್ಯಾರಾಮೀಟರ್‌ಗೆ ಖಾಲಿ ಬೈಂಡಿಂಗ್ ಇಟ್ಟರೆ ಆ ಸಾಲಿನ ಲಾಟ್ ಹೋಗುತ್ತದೆ. ಆದರೆ ಸೋರ್ಸ್ ಇರುವ ಬೈಂಡಿಂಗ್‌ಗಳು ಡಾಟ್ ನೆಟ್ 8ರವರೆಗೆ ಕಂಪೈಲ್ ಆಗುತ್ತಿರಲಿಲ್ಲ. 9ರಲ್ಲೂ ಸಾಮಾನ್ಯ ಬಿಲ್ಡ್‌ನಲ್ಲಿ ಪ್ರಾಜೆಕ್ಟ್ ಫೈಲಿನಲ್ಲಿ ಬೇರೆಯಾಗಿ ಚಾಲೂ ಮಾಡಬೇಕು. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ: ಲಾಟ್ ಸೃಷ್ಟಿಸುವಾಗಲೇ ಕನ್‌ಸ್ಟ್ರಕ್ಟರ್‌ಗೆ "ಅಳಿಸು" ಎಂಬ ಆ್ಯಕ್ಷನ್ ಕೊಟ್ಟುಬಿಡಿ, ಲಾಟಿನ ಸ್ವಂತ ಕಮಾಂಡ್ ಅದನ್ನು ಕರೆಯಲಿ. ಟೆಂಪ್ಲೇಟ್‌ನಲ್ಲಿ ಬರೀ "ಅಳಿಸುಕಮಾಂಡ್" ಎಂಬ ಬೈಂಡಿಂಗ್ ಉಳಿಯುತ್ತದೆ. ಎಕ್ಸ್ ಡೇಟಾಟೈಪ್ ಅನ್ನು ಡೇಟಾಟೆಂಪ್ಲೇಟ್ ಮೇಲೆ ಲಾಟ್ ಎಂದು ಬರೆದರೆ ಪ್ರಾಪರ್ಟಿ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬಿಲ್ಡ್ ಹೊತ್ತಿನಲ್ಲೇ ಗೊತ್ತಾಗುತ್ತದೆ.

---

ಉತ್ತರ 3: ಚಂದ್ರವಳ್ಳಿ_ಕೋಡ್, ಚಿತ್ರದುರ್ಗ

ಯಾರೂ ಹೇಳದ ಎರಡು ಸಂಗತಿ: ಮೆಮೊರಿ ಮತ್ತು ಥ್ರೆಡ್.

ನಿಮ್ಮ ಲಾಟ್‌ಪಟ್ಟಿ ಸಿಂಗಲ್‌ಟನ್ ಸರ್ವಿಸ್ (ಆ್ಯಪ್ ಓಡುವಷ್ಟು ಹೊತ್ತೂ ಉಳಿಯುವ ಒಂದೇ ಪ್ರತಿ) ಒಳಗಿದೆ ಎಂದುಕೊಳ್ಳಿ. ಕಂಟ್ರೋಲ್ ಅದರ ಕಲೆಕ್ಷನ್‌ಚೇಂಜ್ಡ್‌ಗೆ ಸೇರಿಕೊಂಡಿತು. ಬಳಕೆದಾರ ಪುಟದಿಂದ ಹಿಂದೆ ಹೋದ. ಪುಟ ಮುಚ್ಚಿದರೂ ಪಟ್ಟಿಯ ಕೈಯಲ್ಲಿ ಕಂಟ್ರೋಲಿನ ಕೊಂಡಿ ಇದೆ, ಕಂಟ್ರೋಲಿನ ಕೈಯಲ್ಲಿ ಪೇರೆಂಟ್ ಪುಟದ ಕೊಂಡಿ ಇದೆ. ಪುಟ ಬಿಡುಗಡೆ ಆಗುವುದಿಲ್ಲ. ಹತ್ತು ಸಲ ತೆರೆದು ಮುಚ್ಚಿದರೆ ಹತ್ತು ಪುಟ ಮೆಮೊರಿಯಲ್ಲಿ ಉಳಿದು, ಒಂದು ಲಾಟ್ ಸೇರಿಸಿದಾಗ ಹತ್ತೂ ಪುಟಗಳಲ್ಲಿ ಒಂದೊಂದು ಸಾಲು ಕಟ್ಟುತ್ತವೆ. ಬೆಳಿಗ್ಗೆ ಚುರುಕಾಗಿದ್ದ ಆ್ಯಪ್ ಮಧ್ಯಾಹ್ನದ ಹೊತ್ತಿಗೆ ನಿಧಾನವಾಗುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಪರಿಹಾರ: ಲೋಡೆಡ್ ಈವೆಂಟಿನಲ್ಲಿ ಸೇರಿಕೊಳ್ಳಿ, ಅನ್‌ಲೋಡೆಡ್‌ನಲ್ಲಿ ಬಿಡಿಸಿಕೊಳ್ಳಿ. ಐಟಮ್ಸ್‌ಸೋರ್ಸ್ ಬದಲಾದಾಗಲೂ ಹಳೆಯದರಿಂದ ಬಿಡಿಸಿ ಹೊಸದಕ್ಕೆ ಸೇರಬೇಕು. ಪುಟದ ಮೇಲೆ ಇನ್ನೊಂದು ಪುಟ ಬಂದಾಗಲೂ ಅನ್‌ಲೋಡೆಡ್ ಬರಬಹುದು, ಆ ಅವಧಿಯಲ್ಲಿ ಪಟ್ಟಿ ಬದಲಾದರೆ ಸುದ್ದಿ ಸಿಗುವುದಿಲ್ಲ. ಹಾಗಾಗಿ ಲೋಡೆಡ್‌ನಲ್ಲಿ ಮತ್ತೆ ಸೇರುವಾಗ ಚಿಲ್ಡ್ರನ್‌ನ ಬೈಂಡಿಂಗ್‌ಕಾಂಟೆಕ್ಸ್ಟ್‌ಗಳನ್ನು ಪಟ್ಟಿಯೊಂದಿಗೆ ಒಮ್ಮೆ ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ ಮರುಕಟ್ಟಿ. ಕೆಲವರು ವೀಕ್‌ರೆಫರೆನ್ಸ್ ಮಧ್ಯವರ್ತಿ ಬಳಸುತ್ತಾರೆ. ಅದೂ ಸರಿಯೇ, ಆದರೆ ಮಧ್ಯವರ್ತಿ ವಸ್ತುವನ್ನು ಕಂಟ್ರೋಲಿನ ಫೀಲ್ಡ್‌ನಲ್ಲಿ ಹಿಡಿದಿಡಬೇಕು. ಪಟ್ಟಿಯ ಕಡೆಯಿಂದ ದುರ್ಬಲ ಕೊಂಡಿ, ಕಂಟ್ರೋಲಿನ ಕಡೆಯಿಂದಲೂ ಕೊಂಡಿ ಇಲ್ಲ ಎಂದಾದರೆ ಗಾರ್ಬೇಜ್ ಕಲೆಕ್ಷನ್ ಅದನ್ನು ಒಯ್ಯುತ್ತದೆ, ಪಟ್ಟಿ ಸದ್ದಿಲ್ಲದೆ ನಿಂತುಹೋಗುತ್ತದೆ. ಹುಡುಕುವುದಕ್ಕೆ ಬಹಳ ಕಷ್ಟವಾದ ದೋಷ ಇದು.

ಥ್ರೆಡ್: 15 ಸೆಕೆಂಡಿನ ಟೈಮರ್ ಹಿನ್ನೆಲೆ ಥ್ರೆಡ್‌ನಲ್ಲಿ ಓಡುತ್ತಿದ್ದರೆ ಅಲ್ಲಿಂದ ಕಲೆಕ್ಷನ್ ಮುಟ್ಟಬೇಡಿ. ಹೋಲಿಕೆಯನ್ನು ಹಿನ್ನೆಲೆಯಲ್ಲಿ ಮಾಡಿ ಬದಲಾವಣೆಗಳನ್ನು ಮುಖ್ಯ ಥ್ರೆಡ್‌ನಲ್ಲಿ ಹಚ್ಚಿ ಎನ್ನುವ ಸಲಹೆ ಸಿಗುತ್ತದೆ. 40 ಲಾಟ್‌ಗಳಿಗೆ ಅದೂ ಬೇಡ: ನೆಟ್‌ವರ್ಕ್ ಮತ್ತು ಜೇಸನ್ ಓದುವುದು ಹಿನ್ನೆಲೆಯಲ್ಲಿ, ಉಳಿದದ್ದೆಲ್ಲ ಮೇನ್‌ಥ್ರೆಡ್‌ನಲ್ಲಿ. ಹಿನ್ನೆಲೆಯಲ್ಲಿ ಹೋಲಿಸುವಾಗಲೇ ಬಳಕೆದಾರ ಒಂದು ಸಾಲು ಅಳಿಸಿದರೆ ಲೆಕ್ಕವೆಲ್ಲ ಹಳಸುತ್ತದೆ.

ಎಷ್ಟು ಸಾಲುಗಳವರೆಗೆ ಇಂಥ ಕಂಟ್ರೋಲ್ ಸರಿ? ಇದರಲ್ಲಿ ವರ್ಚುವಲೈಸೇಷನ್ ಇಲ್ಲ. ಕಾಣುವುದು ಆರು ಸಾಲಾದರೂ ಎಲ್ಲವನ್ನೂ ಕಟ್ಟುತ್ತದೆ. ಹೀಗೆ ಎಣಿಸಿ: ಒಂದು ಸಾಲಿನಲ್ಲಿ 6 ವ್ಯೂ, ಅದರೊಳಗೆ ಹಮಾಲಿ, ತೂಕದ ಕೂಲಿ, ಗಾಡಿ ಬಾಡಿಗೆ ಎಂದು ಮೂರು ಒಳಸಾಲು, ಪ್ರತಿಯೊಂದಕ್ಕೂ 4 ವ್ಯೂ. ಒಂದು ಲಾಟಿಗೆ 18, ನಲವತ್ತಕ್ಕೆ 720. ಕಡಿಮೆ ರ‍್ಯಾಮ್ ಇರುವ ಆಂಡ್ರಾಯ್ಡ್ ಫೋನಿನಲ್ಲಿ ಪುಟ ತೆರೆಯುವಾಗ ಎಡವುವುದು ಕಣ್ಣಿಗೇ ಕಾಣುತ್ತದೆ. ಒಳಪಟ್ಟಿ ಬೇಕಿದ್ದರೆ ಸಾಲು ಬಿಡಿಸಿದಾಗ ಮಾತ್ರ ಕಟ್ಟಿ, ಈಸ್‌ವಿಸಿಬಲ್ ಫಾಲ್ಸ್ ಇಟ್ಟು ಮೊದಲೇ ಕಟ್ಟಿಟ್ಟರೆ ಉಳಿತಾಯ ಕಡಿಮೆ. ಮೊದಲ 10 ಸಾಲು ತಕ್ಷಣ ಸೇರಿಸಿ, ಉಳಿದದ್ದನ್ನು ಡಿಸ್ಪ್ಯಾಚರ್ ಮೂಲಕ ಹತ್ತು ಹತ್ತರ ಕಂತಿನಲ್ಲಿ ಸೇರಿಸಬಹುದು. ಕಂತು ನಡುವೆಯಿರುವಾಗ ಐಟಮ್ಸ್‌ಸೋರ್ಸ್ ಬದಲಾದರೆ ಹಳೆಯ ಕಂತು ನಿಲ್ಲಬೇಕು: ಪ್ರತಿ ಬದಲಾವಣೆಗೂ ಒಂದು ಪೂರ್ಣಾಂಕ ಏರಿಸಿ, ಕಂತು ಶುರುವಾದಾಗಿನ ಸಂಖ್ಯೆಯೊಂದಿಗೆ ಹೋಲಿಸಿ. ಕಂತು ಮುಗಿಯುವ ಮೊದಲೇ ಆ್ಯಡ್ ಅಥವಾ ರಿಮೂವ್ ಸುದ್ದಿ ಬಂದರೂ ಇಂಡೆಕ್ಸ್ ಹೊಂದುವುದಿಲ್ಲ, ಆಗ ಬಾಕಿ ಕಂತನ್ನು ಒಮ್ಮೆಗೇ ಮುಗಿಸಿ ನಂತರ ಆ ಸುದ್ದಿ ನೋಡಿ. ಅಳೆಯುವುದು ರಿಲೀಸ್ ಬಿಲ್ಡ್‌ನಲ್ಲಿ, ನಿಜವಾದ ಫೋನಿನಲ್ಲಿ. ಡೀಬಗ್ ಬಿಲ್ಡ್‌ನ ವೇಗ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಐವತ್ತು ದಾಟುವ ಸಾಧ್ಯತೆ ಇದ್ದರೆ ರಿಪೀಟರ್ ಬಿಟ್ಟು ಕಲೆಕ್ಷನ್‌ವ್ಯೂ ಹಿಡಿಯಿರಿ, ಆದರೆ ಸ್ಕ್ರಾಲ್‌ವ್ಯೂ ತೆಗೆದುಹಾಕಿ. ರೈತರ ಮಾಹಿತಿಯನ್ನು ಹೆಡರ್‌ನಲ್ಲಿ, ಒಟ್ಟನ್ನು ಫೂಟರ್‌ನಲ್ಲಿ ಇಡಿ. ನಿಮ್ಮ ಪುಟಕ್ಕೆ ಅದು ಹೇಳಿ ಮಾಡಿಸಿದಂತಿದೆ. ಅದನ್ನು ಗ್ರಿಡ್‌ನ ಸ್ಟಾರ್ ರೋನಲ್ಲಿ ಇಡಬೇಕು. ವರ್ಟಿಕಲ್‌ಸ್ಟ್ಯಾಕ್‌ಲೇಔಟ್ ಒಳಗಿಟ್ಟರೆ ಅದಕ್ಕೆ ಅನಂತ ಎತ್ತರ ಸಿಕ್ಕಿ ಎಲ್ಲ ಸಾಲುಗಳೂ ಕಟ್ಟಲ್ಪಡುತ್ತವೆ, ವರ್ಚುವಲೈಸೇಷನ್‌ನ ಅರ್ಥವೇ ಹೋಗುತ್ತದೆ. ಎಲ್ಲ ಸಾಲುಗಳ ಎತ್ತರ ಒಂದೇ ಇದ್ದರೆ ಐಟಮ್‌ಸೈಜಿಂಗ್‌ಸ್ಟ್ರಾಟಜಿಯನ್ನು ಮೆಷರ್‌ಫಸ್ಟ್‌ಐಟಮ್ ಮಾಡಿ. ಅಲ್ಲಿ ಸಾಲುಗಳು ಮರುಬಳಕೆ ಆಗುತ್ತವೆ, ಆದ್ದರಿಂದ ಸಾಲಿನ ಸ್ಥಿತಿಯೆಲ್ಲ ಲಾಟ್ ವಸ್ತುವಿನಲ್ಲೇ ಇರಬೇಕು. ಎಂಟ್ರಿಯ ಬಣ್ಣವನ್ನು ಕೋಡ್‌ಬಿಹೈಂಡ್‌ನಲ್ಲಿ ಕೆಂಪು ಮಾಡಿದರೆ ಆ ಕೆಂಪು ಸ್ಕ್ರಾಲ್ ಮಾಡಿದಾಗ ಬೇರೊಂದು ಲಾಟಿನ ಮೇಲೆ ಕಾಣಿಸುತ್ತದೆ.

ಲಿಸ್ಟ್‌ವ್ಯೂಗೆ ಮರಳುವ ಯೋಚನೆ ಬೇಡ. ಡಾಟ್ ನೆಟ್ 10ರ ಮೌಯಿಯಲ್ಲಿ ಅದಕ್ಕೆ ಬಳಕೆಯಿಂದ ಹಿಂದೆ ಸರಿದ ಗುರುತು ಬಿದ್ದಿದೆ.

---

ಉತ್ತರ 4: ಲಿಪಿ_ಮತ್ತು_ಪರದೆ, ಚಳ್ಳಕೆರೆ

ಸಾಲಿನ ವಿನ್ಯಾಸದ ಬಗ್ಗೆ. ಕನ್ನಡದಲ್ಲಿ ಪಟ್ಟಿ ತೋರಿಸುವಾಗ ಇಂಗ್ಲಿಷ್ ಮಾದರಿಯ ಅಳತೆಗಳು ಒಡೆಯುತ್ತವೆ.

ಸಾಲಿಗೆ ಹೈಟ್‌ರಿಕ್ವೆಸ್ಟ್ 40 ಎಂದು ಗಟ್ಟಿ ಮಾಡಬೇಡಿ. ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. "ಮೊಳಕಾಲ್ಮೂರು" ಎಂದು ಬರೆದು ನೋಡಿ, ಲಕಾರದ ಕೆಳಗಿನ ಮಕಾರ ಅರ್ಧ ಮಾಯವಾದರೆ ಎತ್ತರ ಸಾಲದು ಎಂದರ್ಥ. "ಹೊಳಲ್ಕೆರೆ", "ಮೆಕ್ಕೆಜೋಳ", "ವಸ್ತ್ರ" ಕೂಡ ಪರೀಕ್ಷೆಗೆ ಇಟ್ಟುಕೊಳ್ಳಿ. ಮಿನಿಮಮ್‌ಹೈಟ್‌ರಿಕ್ವೆಸ್ಟ್ 56 ಇಟ್ಟು, ಲೇಬಲ್‌ಗೆ ಲೈನ್‌ಹೈಟ್ 1.25ರ ಆಸುಪಾಸು ಕೊಟ್ಟರೆ ಸಾಲು ಬೇಕಾದಾಗ ಬೆಳೆಯುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರು ಬಹಳ ಮಂದಿ ಇರುತ್ತಾರೆ, ಆ ಸ್ಥಿತಿಯಲ್ಲೂ ನೋಡಿ.

ಅಗಲದ ಲೆಕ್ಕ: 360 ಯೂನಿಟ್ ಅಗಲದ ಫೋನು, ಎರಡೂ ಬದಿ 16 ಅಂಚು, ಉಳಿಯುವುದು 328. ಕ್ರಮಸಂಖ್ಯೆಗೆ 32, ಅಳಿಸುವ ಗುಂಡಿಗೆ 48, ನಡುವೆ ಎರಡು ಸ್ಟಾರ್ ಕಾಲಂ, ಕಾಲಂ ಅಂತರ 8ರಂತೆ ಮೂರು ಅಂದರೆ 24. ಪ್ರತಿ ಸ್ಟಾರ್ ಕಾಲಂಗೆ 112. ಮೊದಲ ರೋನಲ್ಲಿ ಮಾಲಿನ ಹೆಸರು ಎರಡೂ ಸ್ಟಾರ್ ಕಾಲಂ ಹಿಡಿಯಲಿ, ಎರಡನೆಯ ರೋನಲ್ಲಿ ಚೀಲ ಮತ್ತು ಕ್ವಿಂಟಲ್. ಒಂದೇ ಸಾಲಿನಲ್ಲಿ ಎಲ್ಲವನ್ನೂ ತುರುಕಿದರೆ ಹೆಸರಿಗೆ ಜಾಗವೇ ಇರುವುದಿಲ್ಲ. ಕಾಲಂಗೆ ಆಟೋ ಬಳಸಬೇಡಿ: ಪ್ರತಿ ಸಾಲೂ ಬೇರೆ ಗ್ರಿಡ್, ಒಂದರ ಆಟೋ ಅಗಲ ಇನ್ನೊಂದಕ್ಕೆ ತಿಳಿಯದು, ಅಂಕಣಗಳು ಸಾಲಿನಿಂದ ಸಾಲಿಗೆ ಅಡ್ಡಾದಿಡ್ಡಿ ನಿಲ್ಲುತ್ತವೆ. ಅಳಿಸುವ ಗುಂಡಿಗೆ ಬರೀ ಚಿತ್ರವಿದ್ದರೆ ಸೆಮ್ಯಾಂಟಿಕ್‌ಪ್ರಾಪರ್ಟೀಸ್ ಡಿಸ್ಕ್ರಿಪ್ಷನ್‌ನಲ್ಲಿ "ಈ ಲಾಟ್ ಅಳಿಸಿ" ಎಂದು ಬರೆಯಿರಿ, ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರಿಗೆ ಅದೇ ದಾರಿ.

ಸಂಖ್ಯೆಗಳು: ಕಲ್ಚರ್‌ಇನ್ಫೋ ಇಎನ್-ಐಎನ್ ಕೊಟ್ಟು ಎನ್0 ಎಂದು ಬರೆಸಿದರೆ 1,25,000 ಎಂಬ ನಮ್ಮ ಗುಂಪು ಸಿಗುತ್ತದೆ. ಅಂಕಿಗಳು ಮಾತ್ರ 0ರಿಂದ 9ರವೇ ಬರುತ್ತವೆ. ೦ರಿಂದ ೯ ಬೇಕಾದರೆ ಅಕ್ಷರಕ್ಕೆ ಅಕ್ಷರ ನೀವೇ ಬದಲಿಸಬೇಕು. ಪ್ರಾಜೆಕ್ಟಿನಲ್ಲಿ ಇನ್ವೇರಿಯಂಟ್‌ಗ್ಲೋಬಲೈಸೇಷನ್ ಚಾಲೂ ಇದ್ದರೆ ಈ ಗುಂಪು ಸಿಗುವುದಿಲ್ಲ.

ಹೆಸರಿನ ಮೊದಲ ಅಕ್ಷರವನ್ನು ವೃತ್ತದೊಳಗೆ ತೋರಿಸುವ ಆಸೆಯಿದ್ದರೆ ಎಚ್ಚರ. "ಶ್ರೀನಿವಾಸ" ಎಂಬುದರ ಸಬ್‌ಸ್ಟ್ರಿಂಗ್ 0, 1 ತೆಗೆದರೆ "ಶ" ಬರುತ್ತದೆ. ಸ್ಟ್ರಿಂಗ್‌ಇನ್ಫೋನ ಗೆಟ್‌ನೆಕ್ಸ್ಟ್‌ಟೆಕ್ಸ್ಟ್‌ಎಲಿಮೆಂಟ್ ಕರೆದರೂ "ಶ್" ಅಷ್ಟೇ ಸಿಗುತ್ತದೆ. ಸಿಕ್ಕ ತುಣುಕಿನ ಕೊನೆಯಲ್ಲಿ ಹಲಂತ ಇರುವವರೆಗೂ ಮುಂದಿನ ತುಣುಕನ್ನು ಕೂಡಿಸುತ್ತ ಹೋಗಿ, ಆಗ "ಶ್ರೀ" ಪೂರ್ತಿಯಾಗಿ ಬರುತ್ತದೆ.

ಅಂಗಡಿಯ ಹಳೆಯ ಕಂಪ್ಯೂಟರಿನ ಹೆಸರುಗಳ ಕಡತ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಅದನ್ನು ಸರ್ವರಿಗೆ ಹಾಕುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ. ಆ ಫಾಂಟ್ ಆ್ಯಪಿಗೆ ಸೇರಿಸಿ ತೋರಿಸುವುದು ಪರಿಹಾರವಲ್ಲ, ಹುಡುಕುವುದೂ ವಿಂಗಡಿಸುವುದೂ ಎರಡೂ ಕೆಡುತ್ತವೆ.

---

ಉತ್ತರ 5: ಜಗಳೂರು_ಬೀಟಾ

ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್‌ನಲ್ಲಿ ಇದೇ ಪುಟ ಕಟ್ಟುವವರಿಗಾಗಿ ಚಿಕ್ಕದಾಗಿ. ಫ್ಲಟರ್‌ನಲ್ಲಿ ಲಿಸ್ಟ್‌ವ್ಯೂ ಬಿಲ್ಡರ್‌ಗೆ ಶ್ರಿಂಕ್‌ರ‍್ಯಾಪ್ ಟ್ರೂ ಕೊಟ್ಟು ಸ್ಕ್ರಾಲ್‌ವ್ಯೂ ಒಳಗಿಟ್ಟರೆ ಸಾಲುಗಳು ಬೇಕಾದಾಗ ಕಟ್ಟುವ ಗುಣ ಹೋಗುತ್ತದೆ. ಕಸ್ಟಮ್‌ಸ್ಕ್ರಾಲ್‌ವ್ಯೂ ಒಳಗೆ ಸ್ಲಿವರ್‌ಲಿಸ್ಟ್ ಇಡಿ. ಪ್ರತಿ ಸಾಲಿಗೂ ಲಾಟ್ ಐಡಿಯಿಂದ ವ್ಯಾಲ್ಯೂಕೀ ಕೊಡದಿದ್ದರೆ ಎರಡನೆಯ ಸಾಲು ಅಳಿಸಿದಾಗ ಅದರಲ್ಲಿ ಬರೆದಿದ್ದ ಅಕ್ಷರಗಳು ಮೂರನೆಯದಕ್ಕೆ ಅಂಟಿಕೊಳ್ಳುತ್ತವೆ. ರಿಯಾಕ್ಟ್ ನೇಟಿವ್‌ನಲ್ಲಿ ಫ್ಲಾಟ್‌ಲಿಸ್ಟ್ ಬಳಸಿ, ಮೇಲಿನ ಮಾಹಿತಿಯನ್ನು ಲಿಸ್ಟ್‌ಹೆಡರ್‌ಕಾಂಪೊನೆಂಟ್‌ನಲ್ಲಿ ಇಡಿ. ಕೀಎಕ್ಸ್‌ಟ್ರಾಕ್ಟರ್‌ಗೆ ಇಂಡೆಕ್ಸ್ ಕೊಡಬೇಡಿ, ಐಡಿ ಕೊಡಿ.

---

ಮಂಡಿಪೇಟೆ_ಡೆವ್ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ಐಡಿ ಹಿಡಿದು ಹೋಲಿಸುವಂತೆ ಬದಲಿಸಿದ ಮೇಲೆ ಕೀಬೋರ್ಡ್ ಮುಚ್ಚುವುದು ನಿಂತಿತು. ಗೆರೆಯನ್ನು ಸಾಲಿನೊಳಗೇ ಸುತ್ತಿದ್ದರಿಂದ ಇಂಡೆಕ್ಸ್ ಕೂಡ ಸರಿಹೋಯಿತು. ಎರಡು ಉಳಿದಿವೆ. ಕ್ವಿಂಟಲ್ ಎಂಟ್ರಿಯನ್ನು ಡೆಸಿಮಲ್ ಪ್ರಾಪರ್ಟಿಗೆ ಬೈಂಡ್ ಮಾಡಿದ್ದೇನೆ; ಬಳಕೆದಾರ ಎಂಟ್ರಿ ಖಾಲಿ ಮಾಡಿದರೂ ಕೆಳಗಿನ ಒಟ್ಟು ಬದಲಾಗುವುದಿಲ್ಲ. ಇನ್ನೊಂದು, ಹೊಸ ಲಾಟ್ ಸೇರಿಸಿದ ತಕ್ಷಣ ಸ್ಕ್ರಾಲ್‌ಟುಅಸಿಂಕ್ ಕರೆದರೆ ಹಿಂದಿನ ಸಾಲಿಗೇ ನಿಲ್ಲುತ್ತದೆ.

---

ಉತ್ತರ 6: ತುಂಗಭದ್ರಾ_ದಡ, ಹರಿಹರ

ಖಾಲಿ ಸ್ಟ್ರಿಂಗ್ ಡೆಸಿಮಲ್ ಆಗಲಾರದು. ಪರಿವರ್ತನೆ ಸೋತಾಗ ಬೈಂಡಿಂಗ್ ಸುಮ್ಮನೆ ಬಿಟ್ಟುಬಿಡುತ್ತದೆ, ಲಾಟಿನಲ್ಲಿ ಹಳೆಯ ತೂಕವೇ ಉಳಿಯುತ್ತದೆ. ತೂಕದ ಲೆಕ್ಕದಲ್ಲಿ ಇದು ದೊಡ್ಡ ತಪ್ಪು: ಪರದೆಯಲ್ಲಿ ಖಾಲಿ, ಒಟ್ಟಿನಲ್ಲಿ 12.5 ಕ್ವಿಂಟಲ್. ಲಾಟಿನಲ್ಲಿ "ತೂಕಪಠ್ಯ" ಎಂಬ ಸ್ಟ್ರಿಂಗ್ ಪ್ರಾಪರ್ಟಿ ಇಟ್ಟು ಎಂಟ್ರಿಯನ್ನು ಅದಕ್ಕೆ ಬೈಂಡ್ ಮಾಡಿ. ಅದರ ಸೆಟ್ಟರ್‌ನಲ್ಲಿ ಡೆಸಿಮಲ್ ಟ್ರೈಪಾರ್ಸ್ ಕರೆಯಿರಿ, ಕಲ್ಚರ್ ಸ್ಪಷ್ಟವಾಗಿ ಕೊಡಿ, ಫೋನಿನ ಸೆಟ್ಟಿಂಗ್‌ಗೆ ಬಿಡಬೇಡಿ. ಸಿಕ್ಕರೆ "ತೂಕ"ಕ್ಕೆ ಆ ಮೌಲ್ಯ, ಸಿಗದಿದ್ದರೆ ನಲ್. ಹಾಗಾಗಿ ತೂಕ ನಲ್ ಆಗಬಲ್ಲ ಡೆಸಿಮಲ್ ಆಗಿರಬೇಕು, ಸೊನ್ನೆ ಅಲ್ಲ. ಬರೆಯದೆ ಬಿಟ್ಟ ಲಾಟಿಗೂ ಸೊನ್ನೆ ತೂಕದ ಲಾಟಿಗೂ ವ್ಯತ್ಯಾಸ ಇರಲೇಬೇಕು. ನಲ್ ಇರುವ ಲಾಟ್ ಒಂದಾದರೂ ಇದ್ದರೆ ಉಳಿಸುವ ಗುಂಡಿ ಬಂದ್ ಇಡಿ, ಯಾವ ಸಾಲು ಎಂಬುದನ್ನು ಬಣ್ಣದಲ್ಲಿ ತೋರಿಸಿ.

ಸ್ಕ್ರಾಲ್: ಚಿಲ್ಡ್ರನ್‌ಗೆ ಸೇರಿದ ಕ್ಷಣದಲ್ಲಿ ಹೊಸ ಸಾಲಿನ ಎತ್ತರ ಇನ್ನೂ ಅಳೆದಿರುವುದಿಲ್ಲ, ಸ್ಕ್ರಾಲ್‌ವ್ಯೂಗೆ ಹಳೆಯ ಉದ್ದವೇ ಗೊತ್ತು. ಹೊಸ ಸಾಲಿನ ಸೈಜ್‌ಚೇಂಜ್ಡ್ ಈವೆಂಟಿಗೆ ಒಂದು ಸಲ ಮಾತ್ರ ಸೇರಿ, ಎತ್ತರ ಸೊನ್ನೆಗಿಂತ ಹೆಚ್ಚಾದಾಗ ಬಿಡಿಸಿಕೊಂಡು, ಡಿಸ್ಪ್ಯಾಚರ್ ಮೂಲಕ ಮುಂದಿನ ಸರದಿಯಲ್ಲಿ ಸ್ಕ್ರಾಲ್‌ಟುಅಸಿಂಕ್ ಕರೆಯಿರಿ. ಮೊದಲ ಮಾಹಿತಿಯಾಗಿ ಆ ಸಾಲನ್ನೇ ಕೊಡಿ, ಸ್ಥಾನಕ್ಕೆ ಮೇಕ್‌ವಿಸಿಬಲ್. ಚೀಲದ ಎಂಟ್ರಿಗೆ ಫೋಕಸ್ ಕೊಡುವುದಿದ್ದರೆ ಸ್ಕ್ರಾಲ್ ಮುಗಿದ ಮೇಲೆ ಕೊಡಿ, ಮೊದಲೇ ಕೊಟ್ಟರೆ ಕೀಬೋರ್ಡ್ ಏಳುವಾಗ ಪುಟದ ಎತ್ತರ ಬದಲಾಗಿ ಮತ್ತೆ ಜಾಗ ತಪ್ಪುತ್ತದೆ.